ಪಹಣಿ ಹೇಳುವುದೇನು, ಹೇಳದೇ ಉಳಿಯುವುದೇನು

ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳ ಮಕ್ಕಳೂ ಹಿಂದೆ ಕೇಳುತ್ತಿದ್ದ ಪ್ರಶ್ನೆಯೇ ಬೇರೆ, ಈಗ ಕೇಳುವ ಪ್ರಶ್ನೆಯೇ ಬೇರೆ. "ಸರ್, ಯಾವ ಕಾಲೇಜಿಗೆ ಸೇರಲಿ?" ಎನ್ನುತ್ತಿದ್ದವರು ಈಗ "ಸರ್, ಊರಾಚೆ ಒಂದು ಸೈಟು ನೋಡಿದ್ದೇನೆ. ಪಹಣಿ ಇದೆ, ಖಾತೆ ಇದೆ, ಇ.ಸಿ. ಕೂಡ ಸರಿಯಾಗಿದೆಯಂತೆ. ಕೊಳ್ಳಬಹುದೇ?" ಎನ್ನುತ್ತಾರೆ. ಕೊಳ್ಳುವುದು ವಾಸಕ್ಕಲ್ಲ, ಹಣ ತೊಡಗಿಸುವುದಕ್ಕೆ. ಆದರೆ ಆ ಹಣ ಹತ್ತು ಹದಿನೈದು ವರ್ಷದ ಸಂಬಳದ ಉಳಿತಾಯ. ಅನೇಕ ಸಲ ಅದರ ಜೊತೆಗೆ ತಂದೆಯ ನಿವೃತ್ತಿ ವೇತನದ ಗಂಟೂ ಹೆಂಡತಿಯ ಒಡವೆಯೂ ಸೇರಿರುತ್ತವೆ.

ನಾನು ವಕೀಲನಲ್ಲ; ಶಾಲೆಯಲ್ಲಿ ಹೇಳಿದ್ದು ಚರಿತ್ರೆಯ ಪಾಠ. ಆದರೂ ಚರಿತ್ರೆಯ ತರಗತಿಯಲ್ಲಿ ನಾವು ಕಲಿತ ಒಂದು ಕ್ರಮ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಯಾವ ಆಕರವನ್ನೇ ಆಗಲಿ ಕೈಗೆತ್ತಿಕೊಂಡಾಗ ಅದರಲ್ಲಿ ಏನು ಬರೆದಿದೆ ಎಂಬುದಕ್ಕಿಂತ ಮೊದಲು ಅದನ್ನು ಯಾರು ಬರೆದರು, ಯಾವಾಗ ಬರೆದರು, ಯಾವ ಉದ್ದೇಶಕ್ಕೆ ಬರೆದರು ಎಂದು ಕೇಳಬೇಕು. ಸೈಟಿನ ಕಾಗದಗಳೂ ಆಕರಗಳೇ. ಒಂದೊಂದು ಕಾಗದವೂ ಒಂದೊಂದು ಕಾಲದಲ್ಲಿ, ಒಂದೊಂದು ಸರ್ಕಾರದ ಅಗತ್ಯಕ್ಕಾಗಿ ಹುಟ್ಟಿದ್ದು. ತಾನು ಹುಟ್ಟಿದ ಪ್ರಶ್ನೆಗೆ ಮಾತ್ರ ಅದು ಉತ್ತರ ಕೊಡುತ್ತದೆ. "ಈ ಭೂಮಿಯ ನಿಜವಾದ ಒಡೆಯನಾರು?" ಎಂಬ ಪ್ರಶ್ನೆಗೆ ಉತ್ತರ ಕೊಡಲೆಂದೇ ಹುಟ್ಟಿದ ಕಾಗದ ನಮ್ಮ ದೇಶದಲ್ಲಿ ಒಂದೂ ಇಲ್ಲ. ಹೊಸದಾಗಿ ಭೂಮಿಗೆ ಹಣ ಹಾಕುವವರು ಮೊದಲು ತಿಳಿಯಬೇಕಾದ ಸಂಗತಿ ಇದು.

ಹಳೆಯ ಕಾಲದಿಂದಲೇ ಆರಂಭಿಸೋಣ. ಕನ್ನಡದ ಶಾಸನಗಳಲ್ಲಿ ಬಹುಪಾಲು ಭೂದಾನದ ದಾಖಲೆಗಳು. ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರೂ ಆಗಿದ್ದ ಬಿ.ಎಲ್. ರೈಸ್ ಅವರು ಊರೂರು ತಿರುಗಿ ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಪ್ರಕಟಿಸಿದ ಶಾಸನಗಳನ್ನು ನೋಡಿದರೆ, ಕೊಟ್ಟ ನೆಲದ ಎಲ್ಲೆಯನ್ನು ದಿಕ್ಕುದಿಕ್ಕಿಗೂ ವಿವರವಾಗಿ ಹೇಳಿರುವುದು ಕಾಣುತ್ತದೆ: ಇಂಥ ಮರ, ಇಂಥ ಹುತ್ತ, ಇಂಥ ಕೆರೆಯ ಕೋಡಿ, ಇಂಥ ನೆಟ್ಟ ಕಲ್ಲು. ಅಳತೆಗೆ ಮತ್ತರು, ಕಮ್ಮ, ಖಂಡುಗಗಳು. ಕೊನೆಯಲ್ಲಿ ಸಾಕ್ಷಿಗಳು, ಅಳಿದವನಿಗೆ ಶಾಪ. ಇಂದಿನ ಕ್ರಯಪತ್ರದ ಕೊನೆಯಲ್ಲಿ ಬರುವ 'ಚಕ್ಕುಬಂದಿ' ಈ ಪದ್ಧತಿಯ ಮೊಮ್ಮಗು. ಹಳೆಯ ಕ್ರಯಪತ್ರಗಳಲ್ಲಿ ಕಾಣುವ ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳ ಪಟ್ಟಿಯೂ ಶಾಸನಗಳಿಂದಲೇ ಇಳಿದು ಬಂದದ್ದು.

ಆ ಕಾಲದಲ್ಲಿ ಒಡೆತನದ ಖಾತರಿ ಕಲ್ಲಿನಲ್ಲಿ ಇದ್ದದ್ದಕ್ಕಿಂತ ಊರಿನ ನೆನಪಿನಲ್ಲಿ ಇತ್ತು. ಯಾರ ಹೊಲ ಎಲ್ಲಿಗೆ ಮುಗಿಯುತ್ತದೆ ಎಂಬುದು ಅಕ್ಕಪಕ್ಕದವರಿಗೆ ಗೊತ್ತಿತ್ತು. ಕೊಳ್ಳುವವನೂ ಅದೇ ಸೀಮೆಯವನಾದ್ದರಿಂದ ಅವನಿಗೂ ಗೊತ್ತಿತ್ತು. ಇಂದು ಕೊಳ್ಳುವವರು ಪರಊರಿನವರು, ಪರದೇಶದಲ್ಲಿರುವವರು. ಅವರಿಗೆ ಊರಿನ ನೆನಪು ದಕ್ಕುವುದಿಲ್ಲ, ಕಾಗದವಷ್ಟೇ ದಕ್ಕುತ್ತದೆ. ಆದ್ದರಿಂದ ಕಾಗದವನ್ನು ಓದುವ ಹೊಣೆ ಹೆಚ್ಚಿತು.

ಈಗಿನ ಕಾಗದಗಳ ತಾಯಿಬೇರು ಹತ್ತೊಂಬತ್ತನೆಯ ಶತಮಾನದ ಭೂಮಾಪನದಲ್ಲಿದೆ. 1830ರ ದಶಕದಲ್ಲಿ ಪುಣೆಯ ಕಡೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿದ 'ಬೊಂಬಾಯಿ ಪದ್ಧತಿ'ಯ ಸರ್ವೆ ಮುಂದೆ ಮುಂಬಯಿ ಕರ್ನಾಟಕದ ಜಿಲ್ಲೆಗಳಿಗೂ ಬಂತು. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದಾಗ, ಬೌರಿಂಗ್ ಅವರ ಕಾಲದಲ್ಲಿ, 1863ರಲ್ಲಿ ಇಲ್ಲಿಯೂ ಆ ಕೆಲಸ ಮೊದಲಾಯಿತು. 33 ಅಡಿಯ ಸರಪಳಿ ಹಿಡಿದು ಹೊಲಹೊಲವನ್ನೂ ಅಳೆದರು. ಸರಪಳಿಯ ಉದ್ದದ ಚೌಕವೇ ಒಂದು ಗುಂಟೆ, ಅಂದರೆ 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. 30x40ರ ಸೈಟು ಒಂದು ಗುಂಟೆಗಿಂತ 111 ಚದರ ಅಡಿ ಮಾತ್ರ ದೊಡ್ಡದು. ಹೊಲಕ್ಕೊಂದು ಸರ್ವೆ ನಂಬರು, ಮೂಲೆಗೊಂದು ಕಲ್ಲು, ಊರಿಗೊಂದು ನಕ್ಷೆ, ಜೊತೆಗೆ ಟಿಪ್ಪಣಿ, ಆಕಾರಬಂದ್ ಎಂಬ ಪತ್ರಗಳು ಹುಟ್ಟಿದವು.

ಆ ಮಾತುಗಳ ಅರ್ಥವನ್ನು ನೋಡಿದರೆ ಉದ್ದೇಶ ತಾನಾಗಿ ತಿಳಿಯುತ್ತದೆ. 'ಆಕಾರ' ಎಂದರೆ ಕಂದಾಯದ ನಿಗದಿ. 'ಪಹಣಿ' ಮರಾಠಿಯಿಂದ ಬಂದ ಪದ. ಪೈರನ್ನು ಹೋಗಿ ನೋಡುವುದು, ತನಿಖೆ, ಎಂದು ಅರ್ಥ. 'ಖಾತೆ' ಎಂದರೆ ಲೆಕ್ಕ. ಖಾತೆದಾರನೆಂದರೆ ಕಂದಾಯದ ಲೆಕ್ಕ ಯಾರ ಹೆಸರಿನಲ್ಲಿದೆಯೋ ಅವನು. ಸರ್ಕಾರಕ್ಕೆ ಬೇಕಾಗಿದ್ದುದು ಒಂದೇ ಪ್ರಶ್ನೆಯ ಉತ್ತರ: ಈ ಹೊಲದ ಕಂದಾಯವನ್ನು ಯಾರಿಂದ ವಸೂಲು ಮಾಡಬೇಕು? ಹೊಲ ನ್ಯಾಯವಾಗಿ ಯಾರದು ಎಂಬುದು ಅದರ ಚಿಂತೆಯಾಗಿರಲಿಲ್ಲ; ಅದನ್ನು ನ್ಯಾಯಾಲಯಕ್ಕೆ ಬಿಟ್ಟಿತ್ತು.

ಬೇರೆ ದಾರಿ ಇರಲಿಲ್ಲವೆಂದಲ್ಲ. ಹೆಚ್ಚುಕಡಿಮೆ ಅದೇ ಸಮಯದಲ್ಲಿ, 1858ರಲ್ಲಿ, ದಕ್ಷಿಣ ಆಸ್ಟ್ರೇಲಿಯಾದಲ್ಲಿ ಟೊರೆನ್ಸ್ ಎಂಬಾತ ತಂದ ಪದ್ಧತಿಯಲ್ಲಿ ಸರ್ಕಾರದ ಪುಸ್ತಕದಲ್ಲಿ ಹೆಸರಿದ್ದವನೇ ಒಡೆಯ. ಆ ನಮೂದಿಗೆ ಸರ್ಕಾರವೇ ಹೊಣೆ. ನಮ್ಮಲ್ಲಿ ಹಾಗಾಗಲಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೆಯ ಕಲಮಿನ ಪ್ರಕಾರ ಹಕ್ಕು ದಾಖಲೆಯ ನಮೂದನ್ನು, ತಪ್ಪೆಂದು ರುಜುವಾತಾಗುವವರೆಗೆ, ಸರಿಯೆಂದು ಭಾವಿಸಬೇಕು. ಅಂದರೆ ತಪ್ಪೆಂದು ತೋರಿಸುವ ಬಾಗಿಲು ಸದಾ ತೆರೆದಿದೆ. ಮ್ಯುಟೇಶನ್ ಆದ ಮಾತ್ರಕ್ಕೆ ಒಡೆತನ ಹುಟ್ಟುವುದಿಲ್ಲವೆಂದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ. ಆದ್ದರಿಂದ "ಖಾತೆ ಆಗಿದೆ" ಎಂಬ ಮಾತಿಗೆ "ತೆರಿಗೆಯ ಲೆಕ್ಕ ಇವರ ಹೆಸರಿನಲ್ಲಿದೆ" ಎಂಬಷ್ಟೇ ಅರ್ಥ.

ತೆರಿಗೆಗಾಗಿ ಅಳೆದ ಅಳತೆಗೆ ಇನ್ನೂ ಎರಡು ಪರಿಣಾಮಗಳಿವೆ. ಮೊದಲನೆಯದು ಖರಾಬು. ಬೆಳೆ ಬಾರದ ನೆಲಕ್ಕೆ ಕಂದಾಯ ಹಾಕುವಂತಿಲ್ಲ. ಆದ್ದರಿಂದ ಅದನ್ನು ಬೇರೆ ತೋರಿಸಿದರು. ಬಂಡೆ ಮೊದಲಾದವು 'ಅ' ಖರಾಬು. ಬಂಡಿದಾರಿ, ಹಳ್ಳ, ಸ್ಮಶಾನ ಮುಂತಾಗಿ ಊರಿಗೆ ಸೇರಿದ್ದು 'ಬ' ಖರಾಬು. ಪಹಣಿಯ 3ನೆಯ ಅಂಕಣದಲ್ಲಿ ಇವು ಈಗಲೂ ಇರುತ್ತವೆ. ಒಟ್ಟು 2 ಎಕರೆ ಎಂದಿದ್ದು ಅದರಲ್ಲಿ 5 ಗುಂಟೆ 'ಬ' ಖರಾಬು ಇದ್ದರೆ, ಮಾರುವವನಿಗೆ ಮಾರಲು ಇರುವುದು 1 ಎಕರೆ 35 ಗುಂಟೆ ಮಾತ್ರ. ಉಳಿದ 5 ಗುಂಟೆಯ ಮೇಲೆ ಎಷ್ಟೇ ಚಂದದ ಸೈಟು ವಿಂಗಡಿಸಿದ್ದರೂ ಅದು ಸಾರ್ವಜನಿಕ ನೆಲ. ನಗರದ ಮಳೆನೀರಿನ ಕಾಲುವೆಗಳ ಮೇಲಿನ ಕಟ್ಟಡಗಳನ್ನು ಒಡೆಯಲು ಬುಲ್ಡೋಜರು ಬಂದಾಗ ಅಧಿಕಾರಿಗಳು ಬಿಡಿಸಿ ನೋಡುವುದು ಹಳೆಯ ಗ್ರಾಮನಕ್ಷೆಯನ್ನೇ. ಕೊಳ್ಳುವವರು ಅದನ್ನು ಮೊದಲೇ ನೋಡಬಹುದಲ್ಲವೇ?

ಎರಡನೆಯದು ಗ್ರಾಮಠಾಣ. ಊರಿನ ಮನೆಗಳಿರುವ ನೆಲಕ್ಕೆ ಕೃಷಿ ಕಂದಾಯವಿರಲಿಲ್ಲ. ಆದ್ದರಿಂದ ಅದನ್ನು ಒಟ್ಟಾಗಿ ಗುರುತಿಸಿದರೇ ಹೊರತು ಮನೆಮನೆಯ ಎಲ್ಲೆಯನ್ನು ಅಳೆಯಲಿಲ್ಲ. ಹಳ್ಳಿಯ ಮನೆಗಳಿಗೆ ಪಹಣಿ ಇಲ್ಲದಿರುವುದು ಇದೇ ಕಾರಣಕ್ಕೆ. ಪಂಚಾಯಿತಿಗಳ ಇ-ಸ್ವತ್ತು ಬಂದದ್ದು 2013ರಲ್ಲಿ. ಡ್ರೋನ್ ಹಾರಿಸಿ ಊರಿನ ಮನೆಗಳನ್ನು ಅಳೆಯುವ ಕೇಂದ್ರದ 'ಸ್ವಾಮಿತ್ವ' ಯೋಜನೆ ಆರಂಭವಾದದ್ದು 2020ರಲ್ಲಿ. ಒಂದೂವರೆ ಶತಮಾನ ಅಳೆಯದೆ ಉಳಿದ ನೆಲವದು. ಗ್ರಾಮಠಾಣದ ನಿವೇಶನ ಎಂದು ಯಾರಾದರೂ ತೋರಿಸಿದರೆ, ಅದು ನಿಜವಾಗಿ ಗ್ರಾಮಠಾಣದ ಗೆರೆಯೊಳಗಿದೆಯೇ, ಪಕ್ಕದ ಹೊಲಕ್ಕೆ ಆ ಹೆಸರು ಅಂಟಿಸಿದ್ದಾರೆಯೇ ಎಂದು ಪರೀಕ್ಷಿಸಬೇಕು.

ಇನ್ನು ಕ್ರಯಪತ್ರ ಮತ್ತು ನೋಂದಣಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು 1908ರ ನೋಂದಣಿ ಕಾಯ್ದೆ ಇವುಗಳ ಬುನಾದಿ. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಕ್ರಯಕ್ಕೆ ನೋಂದಾಯಿತ ಪತ್ರ ಬೇಕು. ನೋಂದಣಿಯ ಉದ್ದೇಶ ಇಂಥದೊಂದು ವ್ಯವಹಾರ ನಡೆಯಿತೆಂದು ಜಗತ್ತಿಗೆ ಸಾರುವುದು, ಮೋಸದಿಂದ ಹಿಂದಿನ ತಾರೀಕು ಹಾಕುವುದನ್ನು ತಡೆಯುವುದು. ಮಾರಿದವನಿಗೆ ಮಾರುವ ಹಕ್ಕಿತ್ತೇ ಎಂದು ತೀರ್ಮಾನಿಸುವುದು ಉಪನೋಂದಣಾಧಿಕಾರಿಯ ಕೆಲಸವಲ್ಲ. 2025ರಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಸ್ಪಷ್ಟಪಡಿಸಿತು. ತನ್ನಲ್ಲಿ ಇಲ್ಲದ ಹಕ್ಕನ್ನು ಯಾರೂ ಇನ್ನೊಬ್ಬರಿಗೆ ಕೊಡಲಾರರು. ಅಂಥವನು ಬರೆದುಕೊಟ್ಟ ಪತ್ರಕ್ಕೆ ಸರ್ಕಾರದ ಮೊಹರು ಬಿದ್ದರೂ ಅಷ್ಟೇ.

ಋಣಭಾರ ಪತ್ರ, ಅಂದರೆ ಇ.ಸಿ., ನೋಂದಣಿ ಕಚೇರಿಯ ಪುಸ್ತಕದ ಪ್ರತಿಬಿಂಬ. ಅಲ್ಲಿ ದಾಖಲಾದದ್ದು ಅದರಲ್ಲಿ ಕಾಣುತ್ತದೆ, ದಾಖಲಾಗದ್ದು ಕಾಣುವುದಿಲ್ಲ. ನೋಂದಾಯಿಸದ ವಿಲ್, ಮನೆಯೊಳಗೇ ಬಾಯಿಮಾತಿನಲ್ಲಿ ಆದ ಪಾಲು, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ, ಇವು ಅದರಲ್ಲಿ ಇರಬೇಕೆಂದೇನೂ ಇಲ್ಲ. ದಾವೆ ನಡೆಯುತ್ತಿರುವಾಗ ಕೊಂಡವನು, ತನಗೆ ತಿಳಿದಿರಲಿಲ್ಲವೆಂದರೂ, ತೀರ್ಪಿಗೆ ಬದ್ಧ. 30 ವರ್ಷದ ಇ.ಸಿ. ತೆಗೆಸಿ ಎಂದು ವಕೀಲರು ಹೇಳುವುದು ಸುಮ್ಮನೆ ಅಲ್ಲ. 1963ರ ಕಾಲಪರಿಮಿತಿ ಕಾಯ್ದೆಯಲ್ಲಿ ಅಡಮಾನ ಬಿಡಿಸಿಕೊಳ್ಳುವ ದಾವೆಗೂ ಸರ್ಕಾರ ಹೂಡುವ ದಾವೆಗೂ ಇರುವ ಅವಧಿ 30 ವರ್ಷ. ಅಲ್ಲಿಯವರೆಗಿನ ಹಳೆಯ ಹಕ್ಕು ಎದ್ದು ಬರಬಹುದು.

ನಗರದ ಕಥೆ ಇದಕ್ಕೆ ಇನ್ನೊಂದು ಪದರ ಸೇರಿಸಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ರಸ್ತೆ, ಚರಂಡಿ ಮೊದಲು, ಮನೆ ಆಮೇಲೆ. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡೂ, ಅದರ ಜಾಗದಲ್ಲಿ 1976ರ ಕಾಯ್ದೆಯಿಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಬಂದವು. ಆದರೆ ಊರು ಬೆಳೆದ ವೇಗಕ್ಕೆ ಇವು ಹಂಚಿದ ಸೈಟುಗಳು ಸಾಲಲಿಲ್ಲ. ಕೊರತೆಯಲ್ಲಿ ಹುಟ್ಟಿದ್ದು 'ರೆವಿನ್ಯೂ ಸೈಟು': ಭೂಪರಿವರ್ತನೆ ಇಲ್ಲದೆ, ಬಡಾವಣೆಯ ನಕ್ಷೆಗೆ ಮಂಜೂರಾತಿ ಇಲ್ಲದೆ, ಹೊಲಕ್ಕೆ ಸುಣ್ಣದ ಗೆರೆ ಎಳೆದು ಮಾರಿದ ತುಂಡು. ಕೊಂಡವರಲ್ಲಿ ಹೆಚ್ಚಿನವರು ಮೋಸಗಾರರಲ್ಲ. ಪ್ರಾಧಿಕಾರದ ಸರದಿಯಲ್ಲಿ ಕಾದು ಸೋತ ಗುಮಾಸ್ತರು, ಕಾರ್ಖಾನೆಯ ನೌಕರರು, ನಮ್ಮಂಥ ಮೇಷ್ಟರುಗಳು.

2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯನ್ನು ರಚಿಸಿದಾಗ ಇಂಥ ಲಕ್ಷಾಂತರ ಸೈಟುಗಳು ಒಳಗೆ ಬಂದವು. ಅಕ್ರಮವೆಂದು ಬಿಟ್ಟರೆ ತೆರಿಗೆ ಬರುವುದಿಲ್ಲ. ಸಕ್ರಮವೆಂದರೆ ಕಾನೂನು ಒಪ್ಪುವುದಿಲ್ಲ. ಅದಕ್ಕಾಗಿ ಇನ್ನೊಂದು ವಹಿ ತೆರೆದರು. ಅದೇ ಜನರ ಬಾಯಲ್ಲಿ 'ಬಿ ಖಾತೆ'. 1863ರ ತರ್ಕವೇ ಇಲ್ಲಿಯೂ ಕಾಣುತ್ತದೆ: ಮೊದಲು ವಸೂಲಿ, ಹಕ್ಕಿನ ಮಾತು ಆಮೇಲೆ. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ 5 ನಗರಪಾಲಿಕೆಗಳಾದವು. ಕಚೇರಿಯ ಫಲಕ ಬದಲಾದರೂ ಸೈಟಿನ ಹುಟ್ಟಿನ ದೋಷ ತಾನಾಗಿ ಹೋಗುವುದಿಲ್ಲ.

ನೋಂದಣಿ ಸಾಧ್ಯವಾಗದ ಕಡೆ ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಅಧಿಕಾರಪತ್ರ, ಜೊತೆಗೆ ಒಂದು ಕರಾರು ಮತ್ತು ವಿಲ್ ಬರೆಸಿಕೊಂಡು ಕೊಂಡವರೂ ಬಹಳ. ಅಧಿಕಾರಪತ್ರವೆಂಬುದು ನನ್ನ ಪರವಾಗಿ ಕೆಲಸ ಮಾಡು ಎಂಬ ಅಪ್ಪಣೆ ಮಾತ್ರ. ಇಂಥ ಪತ್ರಗಳಿಂದ ಒಡೆತನ ವರ್ಗವಾಗುವುದಿಲ್ಲವೆಂದು 2011ರಲ್ಲಿ ಸುಪ್ರೀಂ ಕೋರ್ಟು ಖಚಿತವಾಗಿ ತೀರ್ಪಿತ್ತಿತು. ಬೆಲೆ ಅಗ್ಗವೆಂದು ಇಂದಿಗೂ ಇಂಥದಕ್ಕೆ ಕೈಹಾಕುವವರಿದ್ದಾರೆ. ಅಗ್ಗವಾಗಿರುವುದಕ್ಕೆ ಕಾರಣವೇ ಅದು.

ಈಗ ಹೇಳಹೊರಟಿರುವುದು ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಭಾಗ. ಭೂಮಿಯ ವ್ಯವಹಾರಕ್ಕೆ 'ತೊಡಕು' ಎಂದು ದಲ್ಲಾಳಿಗಳು ಹೇಳುವ ಅನೇಕ ಸಂಗತಿಗಳು ಯಾರೋ ಹೋರಾಡಿ ಪಡೆದ ಹಕ್ಕುಗಳು.

ಹೆಣ್ಣುಮಕ್ಕಳ ಪಾಲನ್ನೇ ನೋಡಿ. ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ತಂದಿತ್ತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. 1994ರಲ್ಲಿ ಕರ್ನಾಟಕ ಮಗಳನ್ನೂ ಪಿತ್ರಾರ್ಜಿತದ ಸಹಭಾಗಿ ಎಂದಿತು, ಆದರೆ ಆ ತಿದ್ದುಪಡಿಗೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿರಲಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರಷ್ಟೇ ಇದ್ದು ಅಕ್ಕತಂಗಿಯರ ರುಜು ಇಲ್ಲದ ಕ್ರಯಪತ್ರ, ಮುಂದೆ ಪಾಲಿನ ದಾವೆಯಾಗಿ ಮನೆಬಾಗಿಲಿಗೆ ಬರಬಹುದು. "ಅವರು ಕೇಳುವುದಿಲ್ಲ ಬಿಡಿ" ಎಂದು ಮಾರುವವರು ಹೇಳಿದರೆ, ನನ್ನ ವಿದ್ಯಾರ್ಥಿನಿಯರನ್ನು ನೆನೆದು ನಾನು ಕೇಳುವುದು ಇಷ್ಟೇ: ಅವರನ್ನು ಕೇಳಿದ್ದೀರಾ?

ಮಂಜೂರಾತಿ ಜಮೀನುಗಳದ್ದೂ ಇದೇ ಕಥೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಭೂರಹಿತರಿಗೆ ಸರ್ಕಾರ ಕೊಟ್ಟ ಜಮೀನುಗಳನ್ನು ಉಳ್ಳವರು ಚಿಲ್ಲರೆ ದುಡ್ಡಿಗೆ, ಸಾಲದ ಬಾಬ್ತಿಗೆ ಬರೆಸಿಕೊಳ್ಳುತ್ತಿದ್ದರು. ದೇವರಾಜ ಅರಸರ ಕಾಲದಲ್ಲಿ, 1978ರಲ್ಲಿ ಬಂದ ಕಾಯ್ದೆ ಅಂಥ ಪರಭಾರೆಯನ್ನು ಅನೂರ್ಜಿತಗೊಳಿಸಿ ಭೂಮಿಯನ್ನು ಮೂಲ ಮಂಜೂರುದಾರನಿಗೋ ಅವನ ವಾರಸುದಾರರಿಗೋ ಹಿಂದಿರುಗಿಸಲು ಅವಕಾಶ ಕೊಟ್ಟಿತು. ಬಹಳ ವಿಳಂಬವಾಗಿ ಕೇಳಬಾರದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2023ರ ತಿದ್ದುಪಡಿ ಕಾಲಮಿತಿಯಿಲ್ಲವೆಂದು ಸೇರಿಸಿತು. ನಾಲ್ಕು ಕೈ ಬದಲಾದ ಮೇಲೂ ಆ ಹಕ್ಕು ಎದ್ದು ನಿಲ್ಲಬಹುದು. 1974ರ ಭೂಸುಧಾರಣೆಯಲ್ಲಿ 7ನೆಯ ನಮೂನೆ ಕೊಟ್ಟು ಗೇಣಿದಾರರು ಪಡೆದ ಜಮೀನು, 1954ರ ಕಾಯ್ದೆಯಿಂದ ರದ್ದಾದ ಇನಾಮಿನ ಜಮೀನು, ಶಾನುಭೋಗಿಕೆ, ಪಟೇಲಿಕೆ, ತೋಟಿ, ತಳವಾರಿಕೆಗಳನ್ನು 1961ರ ಕಾಯ್ದೆ ರದ್ದುಮಾಡಿದ ಮೇಲೆ ಮರುಮಂಜೂರಾದ ಜಮೀನು, ಇವೆಲ್ಲಕ್ಕೂ ಅದರದರ ಷರತ್ತುಗಳಿವೆ. ಆದ್ದರಿಂದ "ಈ ಜಮೀನು ಮೊದಲು ಈ ಕುಟುಂಬಕ್ಕೆ ಹೇಗೆ ಬಂತು?" ಎಂಬುದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಪಹಣಿಯ 10 ಮತ್ತು 11ನೆಯ ಅಂಕಣಗಳಲ್ಲಿ ಅದರ ಸುಳಿವು ಸಿಗುತ್ತದೆ. ಉತ್ತರ ಸಿಗುವುದು ಮೂಲಪತ್ರದಲ್ಲಿ, ಮಂಜೂರಾತಿ ಆದೇಶದಲ್ಲಿ.

"ಈಗ ಎಲ್ಲ ಕಂಪ್ಯೂಟರಿನಲ್ಲಿದೆಯಲ್ಲ, ಸರ್" ಎನ್ನುವವರಿದ್ದಾರೆ. 2000ದ ಸುಮಾರಿಗೆ ಆರಂಭವಾದ 'ಭೂಮಿ' ಯೋಜನೆ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಅದು ದೊಡ್ಡ ಸಾಧನೆ. ಪಹಣಿಗಾಗಿ ರೈತ ಅಲೆದು ಲಂಚ ಕೊಡುವುದು ಅದರಿಂದ ಎಷ್ಟೋ ಕಡಿಮೆಯಾಯಿತು. ನೋಂದಣಿಗೆ 'ಕಾವೇರಿ' ಬಂತು. 2024ರಲ್ಲಿ ಬೆಂಗಳೂರಿನ ಆಸ್ತಿಗಳ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. ಆದರೆ ಗಣಕ ಏರಿಸಿಕೊಂಡದ್ದು ಹಳೆಯ ವಹಿಯಲ್ಲಿ ಇದ್ದುದನ್ನೇ. ಆ ವಹಿಯಲ್ಲಿ ಅಕ್ಕನ ಹೆಸರು ಇಲ್ಲದಿದ್ದರೆ ಗಣಕದಲ್ಲೂ ಇಲ್ಲ. ಫ್ಲ್ಯಾಟು ಕೊಳ್ಳುವವರಿಗೆ 2016ರ ರೇರಾ ಕಾಯ್ದೆಯಿಂದ ಒಂದು ಬಲ ಬಂದಿದೆ: ಜಮೀನಿನ ಹಕ್ಕಿನಲ್ಲಿ ದೋಷವಿದ್ದು ನಷ್ಟವಾದರೆ ನಿರ್ಮಾಣಗಾರನೇ ಪರಿಹಾರ ಕೊಡಬೇಕು, ಆ ಬೇಡಿಕೆಗೆ ಕಾಲಮಿತಿಯ ಅಡ್ಡಿಯಿಲ್ಲ. ಆದರೆ ಕೊಳ್ಳುವ ಮುನ್ನ ವಿಚಾರಿಸುವ ಕೆಲಸ ಅದರಿಂದ ತಪ್ಪುವುದಿಲ್ಲ.

ಹಾಗಾದರೆ ಮುಂಗಡ ಕೊಡುವ ಮುನ್ನ ಏನು ಮಾಡಬೇಕು? ನಾನು ಹೇಳುವ ಕ್ರಮ ಇದು. ಮೊದಲು ಮೂಲಪತ್ರದಿಂದ ಇಂದಿನವರೆಗೆ ಕೈಯಿಂದ ಕೈಗೆ ಬಂದ ಸರಪಳಿಯನ್ನು ಒಂದು ಹಾಳೆಯಲ್ಲಿ ಇಸವಿ ಸಹಿತ ಬರೆದುಕೊಳ್ಳಿ. ಎಲ್ಲಿ ಕೊಂಡಿ ಕಳಚಿದೆಯೋ ಅಲ್ಲಿ ನಿಲ್ಲಿ. ಪ್ರತಿ ಸಾವಿನ ಬಳಿಯೂ ವಂಶವೃಕ್ಷ ಬರೆದು, ಹೆಣ್ಣುಮಕ್ಕಳನ್ನು ಸೇರಿಸಿ, ಪ್ರತಿಯೊಬ್ಬರ ಒಪ್ಪಿಗೆ ಎಲ್ಲಿದೆ ನೋಡಿ. ಪಹಣಿಯ ವಿಸ್ತೀರ್ಣ, ಆಕಾರಬಂದಿನ ವಿಸ್ತೀರ್ಣ, ಕ್ರಯಪತ್ರದ ವಿಸ್ತೀರ್ಣ, ಈ ಮೂರೂ ತಾಳೆಯಾಗಬೇಕು. ಪರಿವರ್ತನೆಯ ಆದೇಶ, ಬಡಾವಣೆಯ ಮಂಜೂರಾದ ನಕ್ಷೆ ಕೇಳಿ. ಆ ನಕ್ಷೆಯಲ್ಲಿ ನಿಮ್ಮ ಸೈಟಿನ ನಂಬರು ಉದ್ಯಾನದ ಜಾಗದಲ್ಲಿಲ್ಲ ಎಂದು ಖಚಿತಪಡಿಸಿಕೊಳ್ಳಿ. ನ್ಯಾಯಾಲಯದ ಜಾಲತಾಣದಲ್ಲಿ ಮಾರುವವರ ಹೆಸರು ಹುಡುಕಿ. ನಿಮ್ಮದೇ ವಕೀಲರನ್ನು ನೇಮಿಸಿಕೊಳ್ಳಿ, ದಲ್ಲಾಳಿ ತೋರಿಸಿದವರನ್ನಲ್ಲ. ಕೊನೆಯದಾಗಿ, ಸ್ಥಳಕ್ಕೆ ಹೋಗಿ ಪಕ್ಕದ ಹೊಲದವರನ್ನು ಮಾತನಾಡಿಸಿ. ಒಂದು ಲೋಟ ಕಾಫಿಯ ಹೊತ್ತಿನಲ್ಲಿ ಅವರು ಹೇಳುವ ಸಂಗತಿ ಯಾವ ಪ್ರಮಾಣಪತ್ರದಲ್ಲೂ ಇರುವುದಿಲ್ಲ. ಶಾಸನದ ಕಾಲದ ಸಾಕ್ಷಿಗಳು ಇನ್ನೂ ಅಲ್ಲಿಯೇ ಇದ್ದಾರೆ.

ಇಷ್ಟೆಲ್ಲ ನೋಡುವುದರೊಳಗೆ ಸೈಟು ಕೈತಪ್ಪುತ್ತದೆ ಎಂದು ಅವಸರ ಮಾಡುವವರು ಇರುತ್ತಾರೆ. ತಪ್ಪಲಿ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ನೆಲ ಕೊಂಡು ನೋಡು ಎಂದು ಅವರು ಸೇರಿಸಲಿಲ್ಲ, ಅವರ ಕಾಲದಲ್ಲಿ ನೆಲದ ಗುರುತು ಎಲ್ಲರಿಗೂ ಇತ್ತು. ನಮಗೆ ಅದಿಲ್ಲವಾದ್ದರಿಂದ ತಾಳ್ಮೆಯಿಂದ ಓದಬೇಕು. ಓದುವಾಗ, ಈ ನೆಲದ ಮೇಲೆ ನನಗಿಂತ ಮೊದಲು ಯಾರ ಹಕ್ಕಿತ್ತು, ಅವರಿಗೆ ಸಲ್ಲಬೇಕಾದದ್ದು ಸಂದಿದೆಯೇ ಎಂದು ಕೇಳಿಕೊಂಡವರು ತಮ್ಮ ಹಣವನ್ನೂ ಉಳಿಸಿಕೊಳ್ಳುತ್ತಾರೆ, ಇನ್ನೊಬ್ಬರ ಪಾಲನ್ನೂ ಉಳಿಸುತ್ತಾರೆ.